ಎರಡು ಊರಿನ ಗಡಿಯಾರ, ಒಂದೇ ಆಕಾಶ

ನಮ್ಮ ಪುತ್ತಿಗೆಯಲ್ಲಿ ಗಡಿಯಾರ ಹನ್ನೆರಡು ತೋರಿಸುವಾಗ ನಿಜವಾದ ನಡುಹಗಲು ಆಗಿರುವುದಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆದರೆ ಐದನೇ ತರಗತಿಯ ಮಗುವೂ ಇದನ್ನು ಕಂಡುಹಿಡಿಯಬಹುದು. ನೆರಳು ಅತಿ ಗಿಡ್ಡವಾಗುವುದು ಹನ್ನೆರಡೂವರೆಯ ಆಸುಪಾಸಿನಲ್ಲಿ. ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಅದು ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗುತ್ತದೆ, ಅಷ್ಟೇ. ಲೆಕ್ಕ ಸುಲಭ. ಪುತ್ತಿಗೆ ಇರುವುದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಭಾರತದ ಸಮಯವನ್ನು ನಿಗದಿ ಮಾಡಿರುವುದು 82.5 ಡಿಗ್ರಿಗೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ ಅರ್ಧ ಗಂಟೆ.

1906ರ ಜನವರಿ 1ರಂದು ಈ ಭಾರತೀಯ ಸಮಯ ಜಾರಿಗೆ ಬಂತು. ಅದಕ್ಕಿಂತ ಮೊದಲು ರೈಲು, ತಂತಿ ಇಲಾಖೆಗಳು ನಂಬಿಕೊಂಡಿದ್ದುದು ಮದರಾಸಿನ ಸಮಯವನ್ನು. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮದರಾಸಿನ ನಡುಹಗಲು ನಮ್ಮ ನಡುಹಗಲಿಗಿಂತ 21 ನಿಮಿಷ ಮೊದಲು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಆಗ ಗಡಿಯಾರಕ್ಕೆ ಏನೂ ಆಗಲಿಲ್ಲ. ಗಡಿಯ ಆಚೆಗೂ ಈಚೆಗೂ ಒಂದೇ ಆಗಿ ಉಳಿದ ಕೆಲವೇ ವಿಷಯಗಳಲ್ಲಿ ಗಂಟೆಯೂ ಒಂದು.

ಹೀಗೆ ನಮ್ಮ ಊರಿಗೆ ಸಮಯ ಎಂಬುದು ಯಾವತ್ತೂ ಇನ್ನೊಂದು ಊರಿನಿಂದಲೇ ಬಂದಿದೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಕ್ಕಳು ಕೇಳಬೇಕಾದ ಪ್ರಶ್ನೆ, ಆದರೆ ಪಾಠಪುಸ್ತಕದಲ್ಲಿ ಇಲ್ಲ. ದೂರದ ಎರಡು ಊರುಗಳಲ್ಲಿ ಎರಡು ಗಡಿಯಾರಗಳಿವೆ. ಎರಡೂ ಒಂದೇ ಸಮಯ ತೋರಿಸುತ್ತವೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದನ್ನು ಹೊತ್ತುಕೊಂಡು ಹೋಗಿ ಇನ್ನೊಂದರ ಪಕ್ಕದಲ್ಲಿಡಬಹುದು. ಆದರೆ ದಾರಿಯಲ್ಲಿ ಅದು ಹಿಂದೆ ಬಿದ್ದಿಲ್ಲವೆಂದು ಯಾರು ಹೇಳಬೇಕು?

ಇದಕ್ಕೆ ನಮ್ಮ ಹಿಂದಿನವರು ಕಂಡುಕೊಂಡ ಉತ್ತರ ಬಹಳ ಚೆಂದದ್ದು. ಇಬ್ಬರೂ ಆಕಾಶದಲ್ಲಿ ಒಂದೇ ಘಟನೆಯನ್ನು ನೋಡಬೇಕು. ಚಂದ್ರಗ್ರಹಣ ಅಂಥ ಘಟನೆ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಎಲ್ಲ ಊರಿನವರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಆ ಕ್ಷಣದಲ್ಲಿ ಒಂದು ಊರಿನಲ್ಲಿ ಸೂರ್ಯಾಸ್ತವಾಗಿ ಎಷ್ಟು ಗಳಿಗೆ, ಇನ್ನೊಂದು ಊರಿನಲ್ಲಿ ಎಷ್ಟು ಗಳಿಗೆ ಎಂದು ನೋಡಿಕೊಂಡರೆ ಎರಡು ಊರಿನ ಸಮಯದ ಅಂತರ ಸಿಕ್ಕಿತು. ಅದೇ ರೇಖಾಂಶದ ಅಂತರವೂ ಹೌದು. ಸೂರ್ಯಸಿದ್ಧಾಂತದಲ್ಲಿ 'ದೇಶಾಂತರ' ಎಂದು ಹೇಳಿರುವುದು ಇದನ್ನೇ. ಲೆಕ್ಕ ಹಾಕಿದ ಹೊತ್ತಿಗಿಂತ ತಡವಾಗಿ ಗ್ರಹಣ ಕಂಡರೆ ನೀವು ಮೂಲರೇಖೆಯ ಪೂರ್ವಕ್ಕೆ ಇದ್ದೀರಿ, ಬೇಗ ಕಂಡರೆ ಪಶ್ಚಿಮಕ್ಕೆ. ಆ ಮೂಲರೇಖೆ ಹೋಗುತ್ತಿದ್ದುದು ಉಜ್ಜಯಿನಿಯ ಮೇಲೆ. ಒಂದು ಸ್ವಾರಸ್ಯ ನೋಡಿ: ಉಜ್ಜಯಿನಿಗೂ ಪುತ್ತಿಗೆಗೂ ಇರುವ ಅಂತರ ಮುಕ್ಕಾಲು ಡಿಗ್ರಿಯಷ್ಟು ಮಾತ್ರ. ಸಮಯದಲ್ಲಿ ಮೂರು ನಿಮಿಷ, ಹಳೆಯ ಲೆಕ್ಕದಲ್ಲಿ ಏಳೆಂಟು ವಿಗಳಿಗೆ. ಆ ಕಾಲದ ಪ್ರಕಾರ ನಾವು ಹೆಚ್ಚುಕಡಿಮೆ ಜಗತ್ತಿನ ಮಧ್ಯರೇಖೆಯ ಮೇಲೆಯೇ ಇದ್ದವರು!

ಕೇರಳದ ಗಣಿತಜ್ಞ ವಟಶ್ಶೇರಿ ಪರಮೇಶ್ವರ ಅವರು 1431ರಲ್ಲಿ 'ದೃಗ್ಗಣಿತ' ಎಂಬ ಪದ್ಧತಿಯನ್ನು ಕೊಟ್ಟರು. ಅದಕ್ಕೆ ಆಧಾರ ಅವರು ದಶಕಗಳ ಕಾಲ ನೋಡಿದ ಗ್ರಹಣಗಳು. ಐವತ್ತಕ್ಕೂ ಹೆಚ್ಚು ವರ್ಷ ಅವರು ಗ್ರಹಣ ನೋಡಿದರೆಂದು ಅದೇ ಪರಂಪರೆಯ ನೀಲಕಂಠ ಸೋಮಯಾಜಿ ಬರೆದಿದ್ದಾರೆ. ಲೆಕ್ಕವನ್ನು ಆಕಾಶದ ಎದುರು ಇಟ್ಟು ತಾಳೆ ನೋಡುವ ಈ ಗುಣ ನಮ್ಮ ನೆಲದ್ದೇ. ಇದನ್ನು ತರಗತಿಯಲ್ಲಿ ಹೇಳಲು ನಾವು ಸಂಕೋಚಪಡಬೇಕಾಗಿಲ್ಲ. ಹೆಚ್ಚು ಮಾಡಿ ಹೇಳಬೇಕಾಗಿಯೂ ಇಲ್ಲ. ಏಕೆಂದರೆ ಗ್ರಹಣದ ವಿಧಾನಕ್ಕೆ ಒಂದು ಕೊರತೆ ಇದೆ. ಭೂಮಿಯ ನೆರಳಿನ ಅಂಚು ಮಸುಕು. ಇಂಥ ಕ್ಷಣದಲ್ಲಿ ಗ್ರಹಣ ಹಿಡಿಯಿತು ಎಂದು ಹೇಳುವಾಗ ಒಂದೆರಡು ನಿಮಿಷ ಆಚೀಚೆ ಆಗಿಯೇ ಆಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಒಂದು ನಿಮಿಷದ ತಪ್ಪು ಎಂದರೆ ನೆಲದ ಮೇಲೆ 27 ಕಿಲೋಮೀಟರ್.

ಯುರೋಪಿನವರು ಚಂದ್ರನ ಬದಲು ಗುರುಗ್ರಹದ ಉಪಗ್ರಹಗಳನ್ನು ಹಿಡಿದರು. 1610ರಲ್ಲಿ ಗೆಲಿಲಿಯೋ ಕಂಡ ಆ ನಾಲ್ಕು ಚಂದ್ರರು ಗುರುವಿನ ನೆರಳಿಗೆ ಹೋಗಿ ಬರುತ್ತಲೇ ಇರುತ್ತವೆ, ನಮ್ಮ ಚಂದ್ರಗ್ರಹಣದಂತೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. 1792ರಲ್ಲಿ ಕಟ್ಟಿದ ಮದರಾಸು ವೀಕ್ಷಣಾಲಯದಲ್ಲಿ ಗೋಲ್ಡಿಂಗ್‌ಹ್ಯಾಮ್ ಎಂಬವರು ಈ ಗ್ರಹಣಗಳನ್ನು ನೋಡಿ ಮದರಾಸಿನ ರೇಖಾಂಶವನ್ನು ಹೇಳಿದರು. 1802ರಲ್ಲಿ ಲ್ಯಾಂಬ್ಟನ್ ಅದೇ ಮದರಾಸಿನಿಂದ ತ್ರಿಕೋನ ಸರ್ವೆ ಆರಂಭಿಸಿ, ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಮಂಗಳೂರಿನ ಕಡಲಿನವರೆಗೆ ಬಂದರು. ದಕ್ಷಿಣ ಭಾರತದ ಅಗಲ ಹಳೆಯ ನಕ್ಷೆಗಳಲ್ಲಿ ಇದ್ದುದಕ್ಕಿಂತ 40 ಮೈಲಿ ಕಡಿಮೆ ಎಂದು ಗೊತ್ತಾದದ್ದು ಆಗ. ಆ ಸರ್ವೆ ಮುಂದೆ ಇಡೀ ಭಾರತಕ್ಕೆ ಹಬ್ಬಿತು. ಊರಿನಿಂದ ಊರಿಗೆ ಇರುವ ದೂರದ ಮಟ್ಟಿಗೆ ಅದು ಬಹಳ ನಿಖರ. ಆದರೆ ಇಡೀ ನಕ್ಷೆ ನೇತಾಡುತ್ತಿದ್ದುದು ಒಂದೇ ಮೊಳೆಯ ಮೇಲೆ: ಮದರಾಸಿನ ರೇಖಾಂಶ.

ಆ ಮೊಳೆ ಸರಿಯಾದ ಜಾಗದಲ್ಲಿ ಇರಲಿಲ್ಲ.

ಅದು ಗೊತ್ತಾದದ್ದು ತಂತಿ ಬಂದ ಮೇಲೆ. 1870ರ ದಶಕದಲ್ಲಿ ಸರ್ವೆ ಇಲಾಖೆಯವರು ಮದರಾಸು, ಬೆಂಗಳೂರು, ಮಂಗಳೂರು, ಬಳ್ಳಾರಿ, ಮುಂಬಯಿಗಳ ಗಡಿಯಾರಗಳನ್ನು ತಂತಿಯ ಮೂಲಕ ಹೋಲಿಸಿದರು. ಅಂದರೆ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ಮಂಗಳೂರೂ ಈ ಕಥೆಯಲ್ಲಿ ಇದೆ. ಎರಡು ಊರುಗಳಲ್ಲಿ ಇಬ್ಬರು ದುರ್ಬೀನು ಹಿಡಿದು ಕೂರುತ್ತಿದ್ದರು. ಒಂದು ನಕ್ಷತ್ರ ನೆತ್ತಿಯ ರೇಖೆಯನ್ನು ದಾಟಿದ ಕೂಡಲೇ ಗುಂಡಿ ಒತ್ತುವುದು. ಆ ಗುರುತು ತಂತಿಯ ಮೂಲಕ ಎರಡೂ ಊರಿನ ಯಂತ್ರಗಳಲ್ಲಿ, ತಿರುಗುವ ಕಾಗದದ ಮೇಲೆ, ಗಡಿಯಾರದ ಬಡಿತದ ಪಕ್ಕದಲ್ಲೇ ಬೀಳುತ್ತಿತ್ತು. ಮತ್ತೆ ಅದೇ ನಕ್ಷತ್ರ ಪಶ್ಚಿಮದ ಊರಿನ ನೆತ್ತಿಗೆ ಬರುವ ತನಕ ಕಾಯುವುದು. ಒಬ್ಬ ಮನುಷ್ಯ ಬೇಗ ಒತ್ತುತ್ತಾನೆ, ಇನ್ನೊಬ್ಬ ಸ್ವಲ್ಪ ತಡ. ಇದನ್ನು ಕಳೆಯಲು ಇಬ್ಬರೂ ಊರು ಬದಲಾಯಿಸಿಕೊಂಡು ಮತ್ತೆ ಅಳೆಯುತ್ತಿದ್ದರು. ವಿಜ್ಞಾನದಲ್ಲಿ ಪ್ರಾಮಾಣಿಕತೆ ಎಂದರೆ ಏನು ಎಂದು ಮಕ್ಕಳಿಗೆ ಹೇಳಲು ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತೋಚುವುದಿಲ್ಲ.

ಮುಂಬಯಿಯಿಂದ ಏಡನ್, ಸೂಯೆಜ್ ಮೂಲಕ ಕಡಲಿನ ಅಡಿಯ ತಂತಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1876-77ರಲ್ಲಿ ಆ ದಾರಿಯನ್ನೂ ಅಳೆದರು. ಕೊನೆಗೆ ಸಿಕ್ಕ ಫಲ ಏನೆಂದರೆ, ಸರ್ವೆ ನಂಬಿಕೊಂಡಿದ್ದ ಮದರಾಸಿನ ರೇಖಾಂಶ 2 ಮಿನಿಟ್ 27 ಸೆಕೆಂಡಿನಷ್ಟು ಪೂರ್ವಕ್ಕೆ ಸರಿದಿತ್ತು. ಇದು ಕೋನದ ಮಿನಿಟ್, ಕೋನದ ಸೆಕೆಂಡು. ಗಡಿಯಾರದಲ್ಲಿ ಹೇಳುವುದಾದರೆ ಹತ್ತು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ನಮ್ಮ ಊರಿನ ನೆಲದ ಮೇಲೆ ಹೇಳುವುದಾದರೆ ಸುಮಾರು ನಾಲ್ಕೂವರೆ ಕಿಲೋಮೀಟರ್. ಗಡಿಯಾರದ ಹತ್ತು ಸೆಕೆಂಡಿಗೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಪ್ರತಿ ಊರೂ, ಪ್ರತಿ ಹೊಳೆಯೂ, ಪ್ರತಿ ಗಡಿಯೂ ಕಾಗದದ ಮೇಲೆ ಇಷ್ಟು ದೂರ ಜರುಗಿ ಕುಳಿತಿತ್ತು. ಹಳೆಯ ಸರ್ವೆ ನಕ್ಷೆಗಳ ಅಂಚಿನಲ್ಲಿ ಈ ತಿದ್ದುಪಡಿಯ ಸೂಚನೆ ಮುದ್ರಿಸುತ್ತಿದ್ದರು. ಗಡಿರೇಖೆಯ ಪಕ್ಕದಲ್ಲಿ ಬದುಕುವ ನಮ್ಮಂಥವರಿಗೆ ಇದು ಬರೀ ಲೆಕ್ಕವಾಗಿ ಕಾಣುವುದಿಲ್ಲ.

ಇನ್ನು ನೂರು ವರ್ಷ ಮುಂದಕ್ಕೆ ಬರೋಣ. ಲೋಲಕದ ಗಡಿಯಾರ ಹೋಗಿ ಪರಮಾಣು ಗಡಿಯಾರ ಬಂತು. 1967ರಲ್ಲಿ ಸೆಕೆಂಡಿಗೆ ಹೊಸ ವ್ಯಾಖ್ಯೆ ಕೊಟ್ಟರು: ಸೀಸಿಯಂ ಪರಮಾಣುವಿನ ಒಂದು ನಿರ್ದಿಷ್ಟ ವಿಕಿರಣದ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳ ಕಾಲ. ಅದೇ 1967ರಲ್ಲಿ ಕೆನಡಾದಲ್ಲಿ ಇನ್ನೊಂದು ಕೆಲಸ ನಡೆಯಿತು. ಅದನ್ನು ಹೇಳುವ ಮೊದಲು ನಮ್ಮ ಗೌರಿಬಿದನೂರಿಗೆ ಒಮ್ಮೆ ಹೋಗಿ ಬರಬೇಕು.

1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಗೌರಿಬಿದನೂರಿನಲ್ಲಿ ಒಂದು ರೇಡಿಯೋ ದೂರದರ್ಶಕ ಕಟ್ಟಿದವು. ಬಟ್ಟೆ ಒಣಹಾಕುವ ತಂತಿಯಂತೆ ಕಾಣುವ ಸಾವಿರ ಆಂಟೆನಾಗಳು, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ. ಪೂರ್ವ–ಪಶ್ಚಿಮದ ತೋಳು 1.4 ಕಿಲೋಮೀಟರ್ ಉದ್ದ. ರೇಡಿಯೋ ಅಲೆ ಬೆಳಕಿನ ಅಲೆಗಿಂತ ಬಹಳ ಉದ್ದವಾದ್ದರಿಂದ ಆಕಾಶವನ್ನು ಸ್ಪಷ್ಟವಾಗಿ ನೋಡಬೇಕಾದರೆ ದೂರದರ್ಶಕ ದೊಡ್ಡದಿರಬೇಕು. ಒಂದೇ ತಟ್ಟೆಯನ್ನು ಅಷ್ಟು ದೊಡ್ಡದು ಮಾಡಲಾಗುವುದಿಲ್ಲ, ಆದ್ದರಿಂದ ಚಿಕ್ಕವನ್ನು ದೂರ ದೂರ ಇಟ್ಟು ಕೇಬಲಿನಿಂದ ಸೇರಿಸುತ್ತಾರೆ. ಪುಣೆ ಬಳಿಯ ದೈತ್ಯ ದೂರದರ್ಶಕದಲ್ಲಿ 30 ತಟ್ಟೆಗಳು 25 ಕಿಲೋಮೀಟರ್ ಉದ್ದಕ್ಕೆ ಹರಡಿವೆ. ಅಷ್ಟು ದೂರದ ತನಕ ಕೇಬಲ್ ಎಳೆಯಬಹುದು. ಒಂದೇ ಗಡಿಯಾರದಿಂದ ಎಲ್ಲವನ್ನೂ ನಡೆಸಬಹುದು. ಸಾವಿರಾರು ಕಿಲೋಮೀಟರ್ ಆದರೆ?

ಕೆನಡಾದವರು ಮಾಡಿದ್ದು ಇದನ್ನೇ. ಸುಮಾರು 3,070 ಕಿಲೋಮೀಟರ್ ದೂರದ ಎರಡು ದೂರದರ್ಶಕಗಳು, ಪ್ರತಿಯೊಂದರ ಪಕ್ಕದಲ್ಲಿ ಒಂದು ಪರಮಾಣು ಗಡಿಯಾರ, ಟಿ.ವಿ. ಸ್ಟುಡಿಯೋದಲ್ಲಿ ಬಳಸುವ ಟೇಪು. ಇಬ್ಬರೂ ಒಂದೇ ಕ್ವೇಸಾರ್‌ನ ರೇಡಿಯೋ ಸದ್ದನ್ನು ಟೇಪಿಗೆ ಇಳಿಸಿಕೊಂಡು, ಆಮೇಲೆ ಒಂದೇ ಕಡೆಗೆ ತಂದು ಎರಡನ್ನೂ ಜೊತೆಯಾಗಿ ಓಡಿಸಿದರು. ಸದ್ದು ಹೊಂದಿತು. ಕ್ವೇಸಾರ್ ಎಂದರೆ ಬಹುದೂರದ ಗೆಲಾಕ್ಸಿಯ ಹೊಳೆಯುವ ನಡುಭಾಗ. ಎಷ್ಟು ದೂರ ಎಂದರೆ ನಮ್ಮ ಲೆಕ್ಕಕ್ಕೆ ಅದು ಆಕಾಶದಲ್ಲಿ ಅಲುಗುವುದೇ ಇಲ್ಲ.

ಇದರ ಒಳಗುಟ್ಟು ನಮ್ಮ ಕಡೆಯವರಿಗೆ ಹೇಳಲು ಕುಂಬಳೆ ಬೆಡಿ ಸಾಕು. ಕುಂಬಳೆಯಲ್ಲಿ ಮಾಲೆಪಟಾಕಿ ಸಿಡಿಯುವಾಗ ಅದರ ಸದ್ದಿಗೆ ತಾಳ ಇರುವುದಿಲ್ಲ. ಒಮ್ಮೆ ಒತ್ತಾಗಿ, ಒಮ್ಮೆ ಬಿಡಿಯಾಗಿ ಬರುತ್ತದೆ. ಬೇರೆ ಬೇರೆ ಊರಿನ ಇಬ್ಬರು ತಮ್ಮ ತಮ್ಮ ಮನೆಯ ಅಂಗಳದಲ್ಲಿ ಆ ಸದ್ದನ್ನು ರೆಕಾರ್ಡು ಮಾಡಿದರು ಎಂದುಕೊಳ್ಳಿ. ತಾಳವಿಲ್ಲದಿರುವುದೇ ಇಲ್ಲಿ ಅನುಕೂಲ. ಎರಡು ರೆಕಾರ್ಡನ್ನು ಹಿಂದೆ ಮುಂದೆ ಸರಿಸಿದರೆ ಒಂದೇ ಒಂದು ಜಾಗದಲ್ಲಿ ಅವು ಪೂರ್ತಿ ಹೊಂದುತ್ತವೆ. ಎಷ್ಟು ಸರಿಸಬೇಕಾಯಿತೋ ಅಷ್ಟು ಸಮಯದ ಅಂತರ. ಶಬ್ದಕ್ಕೆ ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ಬೇಕು. ಒಬ್ಬರ ಮನೆ ದೇವಸ್ಥಾನದಿಂದ ಎರಡು ಕಿಲೋಮೀಟರ್, ಇನ್ನೊಬ್ಬರದು ಐದು ಎಂದಾದರೆ ಅಂತರ ಒಂಬತ್ತು ಸೆಕೆಂಡು ಬರಬೇಕು. ಹನ್ನೊಂದು ಬಂತೇ? ಹಾಗಾದರೆ ಉಳಿದ ಎರಡು ಸೆಕೆಂಡು ಗಡಿಯಾರಗಳ ಜಗಳ.

ಖಗೋಳ ವಿಜ್ಞಾನಿಗಳಿಗೆ ಬೇಕಾಗಿದ್ದುದು ಆ ಒಂಬತ್ತು ಸೆಕೆಂಡು. ಕ್ವೇಸಾರ್ ಎಲ್ಲಿದೆ, ತಟ್ಟೆಗಳ ನಡುವಿನ ದೂರ ಎಷ್ಟು, ಭೂಮಿ ಹೇಗೆ ತಿರುಗುತ್ತದೆ ಎಂಬುದೆಲ್ಲ ಅದರಲ್ಲಿ ಇತ್ತು. ಖಂಡಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುವುದನ್ನು ನೇರವಾಗಿ ಅಳೆದದ್ದೂ ಈ ವಿಧಾನದಿಂದಲೇ. ಉಳಿದ ಎರಡು ಸೆಕೆಂಡು ಅವರ ಪಾಲಿಗೆ ಕಸ, ಲೆಕ್ಕದಿಂದ ಕಳೆದು ಬಿಸಾಡಬೇಕಾದದ್ದು. ಆದರೆ ಗಡಿಯಾರದವರಿಗೆ ಬೇಕಾದದ್ದು ಆ ಕಸವೇ. ದೂರ, ಭೂಮಿಯ ತಿರುಗು ಎಲ್ಲ ಚೆನ್ನಾಗಿ ಗೊತ್ತಾದ ಮೇಲೆ ಲೆಕ್ಕವನ್ನು ತಿರುಗಿಸಿ ಹಾಕಿ, ಅದೇ ಟೇಪಿನಿಂದ ಗಡಿಯಾರದ ವ್ಯತ್ಯಾಸ ತೆಗೆಯಬಹುದಲ್ಲ!

ಅಷ್ಟರಲ್ಲಿ ಇನ್ನೊಂದು ದಾರಿ ಚಾಲ್ತಿಗೆ ಬಂದಿತ್ತು, ಕೃತಕ ಉಪಗ್ರಹ. ಒಂದೇ ಜಿಪಿಎಸ್ ಉಪಗ್ರಹವನ್ನು ಎರಡು ದೇಶದವರು ಒಂದೇ ಹೊತ್ತಿಗೆ ಕೇಳಿ ತಮ್ಮ ಗಡಿಯಾರ ಹೋಲಿಸುವುದು. ಯೋಚಿಸಿ ನೋಡಿದರೆ ಇದು ಚಂದ್ರಗ್ರಹಣದ ವಿಧಾನವೇ; ಚಂದ್ರನನ್ನು ನಾವೇ ಮಾಡಿ ಹಾರಿಸಿದ್ದೇವೆ, ಅಷ್ಟೇ ವ್ಯತ್ಯಾಸ. ಈ ಕೆಲಸದಲ್ಲಿ ಕರ್ನಾಟಕಕ್ಕೂ ಪಾಲಿದೆ. ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹಗಳ ಕೇಂದ್ರ ಬಿಡದಿ ಹತ್ತಿರದ ಬ್ಯಾಲಾಳಿನಲ್ಲಿ 2013ರಲ್ಲಿ ಆರಂಭವಾಯಿತು. ಆ ವರ್ಷ ಹಾರಿದ ಮೊದಲ ಉಪಗ್ರಹದ ಪರಮಾಣು ಗಡಿಯಾರಗಳು ವಿದೇಶದವು, ಮೂರೂ ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಭಾರತದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು. ದೇಶದ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಅಲ್ಲಿಂದ ಅದನ್ನು ಹಂಚಲು ಆರಿಸಿದ ಐದು ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರೂ ಒಂದು.

ಇಷ್ಟೆಲ್ಲ ಇರುವಾಗ ಮತ್ತೆ ಕ್ವೇಸಾರ್ ಯಾಕೆ? ಯಾಕೆಂದರೆ ಗಡಿಯಾರಗಳು ತೀರಾ ಚುರುಕಾದವು. ಸೀಸಿಯಂ ಬದಲು ಸ್ಟ್ರಾನ್ಷಿಯಂ, ಯಿಟರ್ಬಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ಹಿಡಿದು ಮಾಡುವ ಹೊಸ ಗಡಿಯಾರಗಳು ಬಂದವು. (ಬೆಡಿಯಲ್ಲಿ ಕೆಂಪು ಬಣ್ಣ ಕೊಡುವುದು ಇದೇ ಸ್ಟ್ರಾನ್ಷಿಯಂನ ಲವಣ.) ಇವುಗಳಲ್ಲಿ ಉತ್ತಮವಾದವು ವಿಶ್ವ ಹುಟ್ಟಿದಾಗ ಶುರು ಮಾಡಿದ್ದರೆ ಈ ತನಕ ಒಂದು ಸೆಕೆಂಡೂ ತಪ್ಪುತ್ತಿರಲಿಲ್ಲ. ಐನ್‌ಸ್ಟೈನ್ ಹೇಳಿದಂತೆ ಎತ್ತರದಲ್ಲಿ ಸಮಯ ಬೇಗ ಓಡುತ್ತದೆ. ನಮ್ಮ ಪಕ್ಕದ ಪೊಸಡಿಗುಂಪೆ ಸಾವಿರ ಅಡಿಗೂ ಮೇಲಿದೆ. ಅದರ ನೆತ್ತಿಯ ಮೇಲೊಂದು, ಕಡಲ ದಡದಲ್ಲೊಂದು ಗಡಿಯಾರ ಇಟ್ಟರೆ ದಿನಕ್ಕೆ ಮೂರು ನ್ಯಾನೋಸೆಕೆಂಡಿನಷ್ಟು, ಅಂದರೆ ಸೆಕೆಂಡಿನ ನೂರು ಕೋಟಿಯ ಮೂರು ಪಾಲಿನಷ್ಟು, ಮೇಲಿನದು ಮುಂದೆ ಹೋಗುತ್ತದೆ. ಈ ಹೊಸ ಗಡಿಯಾರಗಳಿಗೆ ಪೊಸಡಿಗುಂಪೆ ಬೇಡ, ಒಂದು ಮೇಜಿನ ಎತ್ತರ ಸಾಕು. ಇಂಥವನ್ನು ಹೋಲಿಸುವಾಗ ಉಪಗ್ರಹದ ದಾರಿಯೇ ಒರಟಾಗಿಬಿಟ್ಟಿತು. ಗಾಜಿನ ನಾರಿನ ಕೇಬಲಿನಲ್ಲಿ ಬೆಳಕು ಕಳಿಸಿ ಹೋಲಿಸಬಹುದು. ಯುರೋಪಿನ ಒಳಗೆ ಹಾಗೆ ಮಾಡುತ್ತಾರೆ. ಖಂಡದಿಂದ ಖಂಡಕ್ಕೆ ಆ ದಾರಿ ಇರಲಿಲ್ಲ.

2018ರ ಅಕ್ಟೋಬರಿನಿಂದ 2019ರ ಫೆಬ್ರವರಿಯವರೆಗೆ ಇಟಲಿ ಮತ್ತು ಜಪಾನಿನ ವಿಜ್ಞಾನಿಗಳು ಸೇರಿ ಇದನ್ನು ಮಾಡಿ ನೋಡಿದರು. ಇಟಲಿಯ ಟೊರಿನೋದಲ್ಲಿ ಯಿಟರ್ಬಿಯಂ ಗಡಿಯಾರ, ಜಪಾನಿನ ಕೊಗಾನೆಯಲ್ಲಿ ಸ್ಟ್ರಾನ್ಷಿಯಂ ಗಡಿಯಾರ; ನಡುವೆ ಸುಮಾರು 9,000 ಕಿಲೋಮೀಟರ್. ಅವರು ಹೋಲಿಸಿದ್ದು 'ಈಗ ಗಂಟೆ ಎಷ್ಟು' ಎಂಬುದನ್ನಲ್ಲ, ಎರಡರ ಬಡಿತದ ವೇಗವನ್ನು. ಇದಕ್ಕೆಂದೇ ಮಾಡಿದ 2.4 ಮೀಟರ್ ಅಗಲದ, ಬಿಚ್ಚಿ ಸಾಗಿಸಬಹುದಾದ ತಟ್ಟೆಗಳನ್ನು ಕೊಗಾನೆಯಲ್ಲೂ ಇಟಲಿಯ ಮೆಡಿಚಿನಾದಲ್ಲೂ ನಿಲ್ಲಿಸಿದರು. ಟೊರಿನೋದಿಂದ ಮೆಡಿಚಿನಾಕ್ಕೆ ಐನೂರು ಕಿಲೋಮೀಟರಿಗೂ ಹೆಚ್ಚಿನ ಗಾಜಿನ ನಾರಿನಲ್ಲಿ ಗಡಿಯಾರದ ಬಡಿತ ಹೋಗುತ್ತಿತ್ತು.

2.4 ಮೀಟರ್ ಎಂದರೆ ಒಂದು ಕೋಣೆಯಲ್ಲಿ ಹಿಡಿಯುವಷ್ಟು. ಅಷ್ಟು ಚಿಕ್ಕ ಎರಡು ಕಿವಿಗಳಿಗೆ ಕ್ವೇಸಾರಿನ ಕ್ಷೀಣ ಸದ್ದು ಸರಿಯಾಗಿ ಕೇಳಿಸದು. ಎರಡರ ರೆಕಾರ್ಡು ಹೊಂದಿಸಿದರೆ ಬರೀ ಗದ್ದಲ. ಅವರು ಇದಕ್ಕೆ ಮಾಡಿದ ಉಪಾಯ ನಮಗೆ ತುಂಬ ಹಿಡಿಸಿತು. ಜಪಾನಿನ ಕಾಶಿಮಾದಲ್ಲಿದ್ದ 34 ಮೀಟರಿನ ದೊಡ್ಡ ತಟ್ಟೆಯನ್ನು ಮೂರನೆಯದಾಗಿ ಸೇರಿಸಿಕೊಂಡರು. ಚಿಕ್ಕದು ಒಂದನ್ನು ದೊಡ್ಡದರ ಜೊತೆ ಹೊಂದಿಸುವುದು, ಚಿಕ್ಕದು ಇನ್ನೊಂದನ್ನೂ ದೊಡ್ಡದರ ಜೊತೆ ಹೊಂದಿಸುವುದು, ಆಮೇಲೆ ಒಂದರಿಂದ ಒಂದನ್ನು ಕಳೆಯುವುದು. ಕಳೆಯುವಾಗ ದೊಡ್ಡ ತಟ್ಟೆಯ ಗಡಿಯಾರ ಹೇಗಿದ್ದರೂ ಲೆಕ್ಕದಿಂದ ಹೊರಗೆ ಹೋಗುತ್ತದೆ. ಬಿಸಿಲಿಗೆ ಅದು ಹಿಗ್ಗಿದ್ದು, ಭಾರಕ್ಕೆ ಬಾಗಿದ್ದು ಎಲ್ಲವೂ ಹೋಗುತ್ತದೆ. ಊರಿನ ದೊಡ್ಡವರೊಬ್ಬರನ್ನು ಪಂಚಾತಿಕೆಗೆ ಕೂರಿಸಿ, ತೀರ್ಮಾನ ಆದ ಮೇಲೆ ಅವರ ಸ್ವಂತ ಅಭಿಪ್ರಾಯವನ್ನು ಕಡತದಿಂದ ತೆಗೆದುಹಾಕಿದ ಹಾಗೆ. ನಿಜ ಜೀವನದಲ್ಲಿ ಇಷ್ಟು ಸಲೀಸಾಗಿ ಆಗುವುದಿಲ್ಲ.

ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಎರಡು ಗಡಿಯಾರಗಳ ಹೋಲಿಕೆಯಲ್ಲಿ ಉಳಿದ ಅನಿಶ್ಚಿತತೆ ಸುಮಾರು ಹತ್ತು ಕೋಟಿ ವರ್ಷಕ್ಕೆ ಒಂದು ಸೆಕೆಂಡಿನ ಮಟ್ಟದ್ದು. ಅಷ್ಟು ದೂರಕ್ಕೆ ಉಪಗ್ರಹ ಕೊಡುತ್ತಿದ್ದುದಕ್ಕಿಂತ ಇದು ಉತ್ತಮ. ಗಡಿಯಾರಗಳಿಗೆ ಇನ್ನೂ ಹೆಚ್ಚು ಸಾಮರ್ಥ್ಯ ಇದೆ ಎಂಬುದೂ ನಿಜ. ಹೋಲಿಸುವ ದಾರಿ ಇನ್ನೂ ಗಡಿಯಾರದ ಹಿಂದೆಯೇ ಇದೆ. ಜಗತ್ತಿನ ಸಮಯ ಯಾವುದೋ ಒಂದು ಯಜಮಾನ ಗಡಿಯಾರದಿಂದ ಬರುವುದಿಲ್ಲ. ಬೇರೆ ಬೇರೆ ದೇಶಗಳ ನಾನೂರಕ್ಕೂ ಹೆಚ್ಚು ಪರಮಾಣು ಗಡಿಯಾರಗಳನ್ನು ಹೋಲಿಸಿ, ಸರಾಸರಿ ಮಾಡಿ, ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆ ಅದನ್ನು ಲೆಕ್ಕ ಹಾಕುತ್ತದೆ. ಆದ್ದರಿಂದ ಹೋಲಿಸುವ ದಾರಿ ಕೆಟ್ಟರೆ ಸಮಯವೇ ಕೆಟ್ಟಂತೆ. ಸೆಕೆಂಡಿಗೆ ಮತ್ತೊಮ್ಮೆ ಹೊಸ ವ್ಯಾಖ್ಯೆ ಕೊಡುವ ವಿಚಾರ ನಡೆಯುತ್ತಿದೆ. ಸೀಸಿಯಂ ಜಾಗಕ್ಕೆ ಯಾರು ಎಂಬ ತೀರ್ಮಾನವನ್ನು 2030ರ ಮಹಾಸಭೆಯಲ್ಲಿ ಮಾಡಬೇಕೆಂಬ ಗುರಿ ಇದೆ. ಅದಕ್ಕೆ ಮೊದಲು ಬೇರೆ ಬೇರೆ ಕಡೆಯ ಹೊಸ ಗಡಿಯಾರಗಳು ಒಂದಕ್ಕೊಂದು ಒಪ್ಪುತ್ತವೆಂದು ತೋರಿಸಿ ಕೊಡಬೇಕು.

ಕಾಶಿಮಾದ ದೊಡ್ಡ ತಟ್ಟೆ ಅದನ್ನು ನೋಡಲು ಇಲ್ಲ. 2019ರ ಸೆಪ್ಟೆಂಬರಿನಲ್ಲಿ, ಈ ಅಳತೆ ಮುಗಿದು ಏಳು ತಿಂಗಳಿಗೆ, ಒಂದು ಚಂಡಮಾರುತಕ್ಕೆ ಸಿಕ್ಕಿ ಅದು ಹಾಳಾಯಿತು. ಆಮೇಲೆ ಅದನ್ನು ಬಿಚ್ಚಿ ತೆಗೆದರು.